ಆಟಿ ತಿಂಗಳ ಮದುವೆ

ಬರ್ ದುಬೈ
2 ಜೂನ್ 2024

ಪ್ರೀತಿಯ ಅಕ್ಕನಿಗೆ,

ತಂಗಿ ಅಮ್ಮಣ್ಣಿಯ ನಮಸ್ಕಾರ. ಬರೆಯುವುದು ತಡವಾಯಿತು, ಬೈಯಬೇಡ. ಫೋನಿನಲ್ಲಿ ನೀನು ನನ್ನನ್ನು ಮಾತಾಡಲು ಬಿಟ್ಟರೆ ತಾನೇ!

ನಮ್ಮ ಶ್ರವಣನ ಮದುವೆ ಗಟ್ಟಿಯಾಯಿತು. ಹುಡುಗಿ ಅವನ ಆಫೀಸಿನವಳು, ವಿಯೆಟ್ನಾಮಿನವಳು, ಹೆಸರು ಥಾವೊ. ಚೀನಾದವಳಾ ಅಂತ ಮೂಗು ಮುರಿಯಬೇಡ, ಅಲ್ಲ. ಆದರೆ ಅವರ ಹಳೆಯ ಕಾವ್ಯದ ತುಂಬ ಚೀನಾದ ಪುರಾಣವೇ ಅಂತೆ, ನಾವು "ಭಗೀರಥ ಪ್ರಯತ್ನ" ಅನ್ನುವ ಹಾಗೆ. "ಕೆಂಪು ನೂಲು" ಅಂದರೆ ಸಾಕು, ಮದುವೆಯ ಋಣಾನುಬಂಧ ಎಂದರ್ಥ. ಬೆಳದಿಂಗಳಲ್ಲಿ ಕೂತ ಅಜ್ಜನೊಬ್ಬ ಗಂಡುಹೆಣ್ಣಿನ ಕಾಲಿಗೆ ಕಟ್ಟುವ ನೂಲದು. ಅವಳ ಅಜ್ಜ ಮೇಷ್ಟ್ರು, ಎಲ್ಲ ಬಾಯಿಪಾಠ ಮಾಡಿಸಿದ್ದಾರೆ.

ನಮ್ಮ ಹುಡುಗ ಏನು ಮಾಡಿದ ಗೊತ್ತಾ? ಆಗಸ್ಟ್ ಹತ್ತಕ್ಕೆ ಹಾಲ್ ಬುಕ್ ಮಾಡಿ ಬಂದ! ರಜೆ ಸಿಗುವುದು ಆಗಲೇ ಅಂತೆ. "ಆಟಿಯಲ್ಲಿ ಎಂತ ಮದುವೆ ಮಾರಾಯ? ಘಟ್ಟದವರು ಆಷಾಢದಲ್ಲಿ ಮಾಡ್ತಾರಾ? ತಲೆ ಸಮ ಉಂಟಾ ನಿಂಗೆ?" ಅಂದೆ.

"ದುಬೈಯಲ್ಲಿ ಎಂತ ಆಟಿ ಅಮ್ಮಾ? ಮಳೆಯೇ ಇಲ್ಲ!"

ಸಿಟ್ಟಿನಲ್ಲಿ ತಟ್ಟೆ ಕುಕ್ಕಿದೆ. ಆಗ ಊಟಕ್ಕೆ ಬಂದಿದ್ದ ಥಾವೊ ತನ್ನ ಹರಕುಮುರುಕು ಹಿಂದಿಯಲ್ಲಿ, "ಮಮ್ಮೀ ಸಹೀ ಬೋಲ್‌ತಾ ಹೈ" ಅಂದಳು. ಅವರೂ ತಮ್ಮ ಪಂಚಾಂಗದ ಏಳನೆಯ ತಿಂಗಳಲ್ಲಿ ಮದುವೆ ಮಾಡುವುದಿಲ್ಲವಂತೆ, ಈ ವರ್ಷ ಅದು ಬರುವುದೂ ಆಗಸ್ಟಿನಲ್ಲೇ. ದನ ಕಾಯುವವನೂ ಬಟ್ಟೆ ನೇಯುವ ದೇವಕನ್ಯೆಯೂ ಮದುವೆಯಾಗಿ, ಆಕಾಶದ ಹೊಳೆಯ ಆಚೆ ಈಚೆ ಬೇರೆಯಾದರಂತೆ. ವರ್ಷಕ್ಕೊಮ್ಮೆ ಆ ತಿಂಗಳಲ್ಲಿ ಭೇಟಿ, ಅವರ ಅಳುವೇ ಮಳೆ. ಕವಿ ಆ ಮಳೆಯ ಹೆಸರೆತ್ತಿದರೆ ಸಾಕು, ಅಗಲಿದ ಗಂಡಹೆಂಡತಿ ಎಂದು ಎಲ್ಲರಿಗೂ ತಿಳಿಯುತ್ತದೆ. ಆಟಿಗೆ ಮದುಮಗಳನ್ನು ತವರಿಗೆ ಕಳಿಸುವ ನಮಗೆ ಇದನ್ನು ಬಿಡಿಸಿ ಹೇಳಬೇಕಾ? ಅವಳ ಕೆನ್ನೆ ಹಿಂಡಿ, "ನೀನು ನಮ್ಮವಳೇ" ಅಂದೆ. ಖಲಾಸ್, ಮದುವೆ ನವೆಂಬರಿಗೆ ಹೋಯಿತು.

ಇನ್ನು ನಿನ್ನ ವಿಷಯ. ಸೊಸೆಗೆ ಆರತಿ ನೀನೇ ಎತ್ತಬೇಕು. ಮದುವೆಯಾದ ವರ್ಷ ಆಟಿಗೆಂದು ನೀನು ತವರಿಗೆ ಬಂದೆ. ಭಾವ ಕರೆಯಲು ಬರದೆ ಗಲ್ಫಿಗೆ ಹಾರಿದರು. ಅಂದಿನಿಂದ ಯಾರ ಮದುವೆಗೂ ನೀನು ಹೋದವಳಲ್ಲ. "ಅವರು ಬಂದಾಗ ನಾನು ಮನೆಯಲ್ಲಿರಬೇಕು" ಅನ್ನುತ್ತೀ. ಈ ಸಲ ಅದೆಲ್ಲ ನಡೆಯುವುದಿಲ್ಲ. ಶ್ರವಣ ವೀಸಾ ಮಾಡಿಸುತ್ತಾನೆ, ನೀನು ವಿಮಾನ ಹತ್ತಿದರೆ ಸಾಕು.

ನಿನ್ನ ಮಂಡಿನೋವು ಕಡಿಮೆಯಾಗಲಿ. ಮಕ್ಕಳ ತಲೆಯ ಮೇಲೆ ನಿನ್ನ ಕೈ ಇರಲಿ.

ನಿನ್ನ ತಂಗಿ,
ಅಮ್ಮಣ್ಣಿ

ತಾ.ಕ.: ಕಳೆದ ಭಾನುವಾರ ಅಬುಧಾಬಿಯ ಅಲ್ ಮೀನಾಕ್ಕೆ ಮೀನು ತರಲು ಹೋಗಿದ್ದೆವು. ಭಾವನನ್ನು ನೋಡಿದೆ. ಅಂಜಲ್ ತೂಗಿಸುತ್ತಿದ್ದರು. ಜೊತೆಯಲ್ಲಿ ಹೆಂಡತಿ, ಕಾಲೇಜಿಗೆ ಹೋಗುವಷ್ಟು ದೊಡ್ಡ ಮಗಳು. ನನ್ನ ಗುರುತು ಸಿಕ್ಕಿತು, ಮುಖ ತಿರುಗಿಸಿದರು. ಇದನ್ನು ಬರೆಯಲು ಕೈ ಬರಲಿಲ್ಲ, ಅದಕ್ಕೇ ತಡವಾದದ್ದು. ಅವರು ಬರುವುದಿಲ್ಲ ಅಕ್ಕಾ. ನೀನು ಬಾ.