ಪರದೆಯ ಮೇಲೆ ನೀವು ಓದಿದ ಜಾತಕ

ದಾವಣಗೆರೆ
ಮಾರ್ಚ್ 1961

ವಾಮದೇವಪ್ಪನವರಿಗೆ ಶರಣು.

ಯಾವತ್ತೂ ನಿಮ್ಮನ್ನು ವಾಮಣ್ಣ ಎಂದೇ ಕರೆದವಳು ಇವತ್ತು ಪೂರ್ತಿ ಹೆಸರು ಹಿಡಿದು ಬರೆಯುತ್ತಿದ್ದೇನೆ. ನಾನು ಎಷ್ಟು ಕೋಪದಲ್ಲಿದ್ದೇನೆ ಎಂಬುದು ಅದರಿಂದಲೇ ತಿಳಿಯಲಿ. ಹೋದ ಭಾನುವಾರ ಹರಿಹರದಲ್ಲಿ, ನನ್ನ ಗಂಡನ ಶ್ರದ್ಧಾಂಜಲಿ ಸಭೆಯಲ್ಲಿ, ಎದ್ದು ನಿಂತು ಹೇಳಬೇಕಾಗಿದ್ದ ಮಾತುಗಳಿವು.

ಸಭೆ ಮಾಡುತ್ತೇನೆ ಎಂದು ನೀವು ಹೇಳಿ ಕಳಿಸಿದಾಗ ನಾನು ಅತ್ತಿದ್ದೆ. ನಾಟಕ ಕಂಪನಿಗಳಿಗೆ ಪರದೆ ಬರೆಯುವವನನ್ನು ಕಲಾವಿದ ಎಂದು ಕರೆದು ನಾಲ್ಕು ಜನರನ್ನು ಸೇರಿಸುವವರು ಯಾರಿದ್ದಾರೆ? ನೀವು ಅವರ ಬಾಲ್ಯದ ಗೆಳೆಯರು, ಹೈಸ್ಕೂಲು ಮೇಷ್ಟ್ರು, ಜ್ಯೋತಿಷ್ಯ ಬಲ್ಲವರು. ನಿಮ್ಮ ಮಾತಿಗೆ ಜನ ಬಂದರು. ಅವರು ಬರೆದ ಕೊನೆಯ ಪರದೆಯನ್ನು ಇಲ್ಲಿಂದ ಗಾಡಿಯಲ್ಲಿ ತರಿಸಿ ಗೋಡೆಗೆ ಕಟ್ಟಿಸಿದ್ದಿರಿ. ತುಂಗಭದ್ರೆಯ ದಂಡೆಯಲ್ಲಿ ಸಂಜೆ, ಹಿಂದೆ ಉದ್ದಕ್ಕೆ ಸೇತುವೆ. ಅದನ್ನು ನೋಡುತ್ತಾ ಕೂತವಳಿಗೆ ಅವರೇ ಪಕ್ಕದಲ್ಲಿ ಬಂದು ಕೂತ ಹಾಗಿತ್ತು.

ಆಮೇಲೆ ನೀವು ಕರಿಹಲಗೆಯ ಮೇಲೆ ಅವರ ಜಾತಕ ಬರೆದಿರಿ. ಕೋಲು ಹಿಡಿದು ಒಮ್ಮೆ ಹಲಗೆ, ಒಮ್ಮೆ ಪರದೆ ತೋರಿಸುತ್ತಾ ಹೋದಿರಿ. ಪರದೆಯ ಬಲಗಡೆ ಮೇಲೆ ಚಂದ್ರ. ಕುಂಡಲಿಯಲ್ಲೂ ಅಲ್ಲೇ, ಕರ್ಕಾಟಕದಲ್ಲಿ. ಕೆಳಗೆ ನೀರಿನಲ್ಲಿ ಸೂರ್ಯನ ಬಿಂಬ. ಕುಂಡಲಿಯಲ್ಲೂ ಕೆಳಸಾಲಿನಲ್ಲಿ, ತುಲೆಯಲ್ಲಿ ನೀಚನಾದ ರವಿ. ಎಡ ಮೂಲೆಯಲ್ಲಿ, ಸೇತುವೆಯ ತುದಿಗೆ, ಕುಂಟುತ್ತಾ ಬರುವ ಒಬ್ಬ ಮುದುಕ, ಅವನ ಹಿಂದೆ ಕೆಂಪು ಸೀರೆಯ ಹೆಂಗಸು. "ಕುಂಟ ಯಾರು? ಶನಿ. ಕೆಂಪು ಯಾರ ಬಣ್ಣ? ಕುಜಂದು. ಇಬ್ರೂ ಅಷ್ಟಮದಾಗೆ, ಆಯುಸ್ಸಿನ ಮನ್ಯಾಗೆ ಕುಂತಾರೆ ನೋಡ್ರಿ. ಎತ್ತರದಿಂದ ಬೀಳೋ ಯೋಗ ಇದು. ನಮ್ಮ ಮಾಲತೇಶಪ್ಪ ತನ್ನ ಸಾವು ತಾನೇ ಬರೆದಿಟ್ಟು ಹೋದ" ಎಂದಿರಿ. ಸುಳ್ಳು ಹೇಳುವುದಿಲ್ಲ, ಒಂದು ಗಳಿಗೆ ನಾನೂ ನಂಬಿಬಿಟ್ಟೆ.

ಮುಂದಿನ ಸಾಲಿನಲ್ಲಿ, ಅವರು ಕೊನೆಗೆ ಪರದೆ ಬರೆಯುತ್ತಿದ್ದ ಕಂಪನಿಯ ಮಾಲೀಕ ಕೆಂಚವೀರಪ್ಪ ಕೂತಿದ್ದ. ಕಣ್ಣೊರೆಸಿಕೊಂಡು ಮೆಲ್ಲಗೆ ತಲೆಯಾಡಿಸಿದ. ಹೊತ್ತ ಮೂಟೆ ಇಳಿಸಿದವನ ಮುಖ ಅವನದಾಗಿತ್ತು.

ನಿಮಗೆ ಗೊತ್ತಿಲ್ಲದ್ದನ್ನು ಹೇಳುತ್ತೇನೆ. ಅವರು ಬೀಳುವ ಮುಂಚಿನ ದಿನ ಬುತ್ತಿ ಕೊಡಲು ಥಿಯೇಟರಿಗೆ ಹೋಗಿದ್ದೆ. ಅವರು ಬಿದಿರಿನ ಅಟ್ಟಣೆಯ ಮೇಲೆ ನಿಂತು ಪರದೆಯ ಆಕಾಶಕ್ಕೆ ಬಣ್ಣ ತುಂಬುತ್ತಿದ್ದರು. ಕೆಳಗಿದ್ದ ಕೆಂಚವೀರಪ್ಪನಿಗೆ, "ಮಾಲೀಕ್ರೇ, ಈ ಹಗ್ಗ ಮುಟ್ಟಿದ್ರೆ ಪುಡಿ ಉದುರ್ತೈತೆ. ಬ್ಯಾರೆ ತರಿಸ್ರಿ" ಎಂದರು. "ನಾಟಕ ಒಂದು ಮುಗೀಲಿ, ಆಮ್ಯಾಲೆ ನೋಡಾಣ" ಎಂದು ಅವನು ನಡೆದ. ಇದನ್ನು ನಾನು ನನ್ನ ಕಿವಿಯಿಂದ ಕೇಳಿದ್ದೇನೆ. ಮಾರನೆಯ ದಿನ ಹಗ್ಗ ಹರಿಯಿತು. ಆಸ್ಪತ್ರೆಯ ಬಾಗಿಲಲ್ಲಿ ಅದೇ ಕೆಂಚವೀರಪ್ಪ ನನ್ನ ಮುಂದೆ ಕುಸಿದು ಕೂತು, "ತಪ್ಪು ನಂದೇ ಅಮ್ಮ. ಹಗ್ಗ ಬದಲಿ ಮಾಡಿಸ್ಬೇಕಿತ್ತು" ಎಂದು ಅತ್ತಿದ್ದ. ಆ ಮಾತು ನನ್ನ ಗಂಡನನ್ನು ವಾಪಸು ತರಲಿಲ್ಲ, ನಿಜ. ಆದರೆ ನಿಜ ಏನೆಂದು ಅವನೂ ನಾನೂ ಒಪ್ಪಿದ್ದೆವು. ಅದನ್ನು ಹಿಡಿದುಕೊಂಡೇ ಇಷ್ಟು ದಿನ ಬದುಕಿದ್ದೆ. ಭಾನುವಾರ ಒಂದು ಕೋಲು ಹಿಡಿದು ನೀವು ಅದನ್ನೂ ಕಿತ್ತುಕೊಂಡಿರಿ.

ಇನ್ನು ಆ ಚಿತ್ರ. ಆ ಕುಂಟ ಮುದುಕ ಶನಿಯಲ್ಲ, ಸೇತುವೆಯ ತಲೆಯಲ್ಲಿ ಮಂಡಕ್ಕಿ ಮಾರುತ್ತಿದ್ದ ಗೋಣೆಪ್ಪ. ನಾವು ಮೂವರೂ ಅವನ ಹತ್ತಿರ ಮಂಡಕ್ಕಿ ಕಟ್ಟಿಸಿಕೊಂಡು ಹೊಳೆ ದಂಡೆಯಲ್ಲಿ ಎಷ್ಟು ಸಂಜೆ ಕೂತಿಲ್ಲ? ಕೆಂಪು ಸೀರೆಯವಳು ಕುಜನಲ್ಲ, ನಾನು. ಮದುವೆಯಾದ ಹೊಸತರಲ್ಲಿ ನಿಮ್ಮ ಮನೆಗೆ ಬಂದಾಗ ಉಟ್ಟ ಸೀರೆ ಅದು. "ಏನವ್ವ, ಪೂರ್ತಿ ಕುಂಕುಮದ ಭರಣಿನೇ ಆಗಿ ಬಂದಿದ್ದೀ" ಎಂದು ನಗಾಡಿದವರು ನೀವೇ. ಸೂರ್ಯನನ್ನು ಎಲ್ಲಿ ಇಡಬೇಕು ಎಂದು ಅವರು ಇದ್ದಿಲು ಹಿಡಿದು ಮೂರು ದಿನ ಒದ್ದಾಡಿದರು. ಮೇಲೆ ಬರೆದರು, ಒರೆಸಿದರು, ಕೊನೆಗೆ ನೀರಿಗೆ ಇಳಿಸಿ, "ಈಗ ಕುಂತಿತು ನೋಡೆ" ಎಂದು ಮಕ್ಕಳಂತೆ ನಕ್ಕರು. ಆ ಒದ್ದಾಟವನ್ನೂ ಆ ನಗುವನ್ನೂ ಅವರ ಕೈಯಿಂದ ಕಿತ್ತು ಗ್ರಹಗಳಿಗೆ ಕೊಟ್ಟುಬಿಟ್ಟಿರಲ್ಲ, ನಿಮ್ಮ ಗೆಳೆಯ ಬದುಕಿಡೀ ಕಲಿತದ್ದಕ್ಕೆ ನೀವು ಕೊಟ್ಟ ಮರ್ಯಾದೆ ಇದೇನಾ?

ನೀವು ಕೆಟ್ಟವರೆಂದು ನಾನು ಬರೆಯಲಾರೆ. ಸುದ್ದಿ ಕೇಳಿ ಚಪ್ಪಲಿಯಿಲ್ಲದೆ ಓಡಿ ಬಂದಿರಿ. ಗೆಳೆಯ ಹೀಗೆ ಸುಮ್ಮನೆ ಒಂದು ಹಗ್ಗದಿಂದ ಸತ್ತ ಎಂಬುದನ್ನು ನಿಮ್ಮ ಎದೆ ತಡೆಯಲಿಲ್ಲ, ಅದಕ್ಕೇ ದೊಡ್ಡ ಕಾರಣ ಹುಡುಕಿಕೊಂಡು ಕೂತಿರಿ. ಇದು ನನಗೆ ಅರ್ಥವಾಗುತ್ತದೆ. ಆದರೆ ನಿಮ್ಮ ಸಮಾಧಾನ ಏನು ಮಾಡಿತು ಎಂಬುದನ್ನು ಕೇಳಿ.

ಮಂಗಳವಾರ ಅವರ ಕುಂಚ, ಬಣ್ಣದ ಬಟ್ಟಲು ತರಲು ಥಿಯೇಟರಿಗೆ ಹೋದೆ. ಅದೇ ಅಟ್ಟಣೆ ನಿಂತಿತ್ತು. ಹರಿದ ಕಡೆ ಗಂಟು ಹಾಕಿ, ಅದೇ ಹಗ್ಗ ಬಿಗಿದಿದ್ದರು. ಮೇಲೆ ಜಮಾಲುದ್ದೀನ್ ಅರಮನೆಯ ಕಂಬಕ್ಕೆ ಬಣ್ಣ ಹಚ್ಚುತ್ತಿದ್ದ. ನನ್ನ ಗಂಡನ ಹತ್ತಿರವೇ ಕೆಲಸ ಕಲಿತವನು, ಎರಡು ಮಕ್ಕಳ ತಂದೆ. ಮತ್ತೆ ಅದೇ ಹಗ್ಗ ಯಾಕೆ ಎಂದು ಕೆಂಚವೀರಪ್ಪನನ್ನು ಕೇಳಿದೆ. ಅವನು ನನ್ನ ಮುಖ ನೋಡಿಯೇ ಹೇಳಿದ: "ಹಗ್ಗದ್ದೇನು ತಪ್ಪೈತಮ್ಮ? ಅವ್ರ ಜಾತಕದಾಗೇ ಇತ್ತು. ಮೇಷ್ಟ್ರು ಪರದೆ ಮ್ಯಾಲೇ ತೋರಿಸಿದ್ರಲ್ಲ. ಅದನ್ನ ಯಾರು ತಪ್ಪಿಸಾಕಾಗ್ತೈತೆ?"

ನಿಮ್ಮ ಮಾತು, ವಾಮದೇವಪ್ಪನವರೇ. ಅವನ ಬಾಯಲ್ಲಿ ನಿಮ್ಮ ಮಾತು.

ನಾನು ಅಟ್ಟಣೆಯ ಕಡೆ ತಲೆಯೆತ್ತಿದೆ. "ಜಮಾಲಣ್ಣ, ಕೆಳಗೆ ಇಳಿಯಪ್ಪ, ಒಂದು ಮಾತೈತೆ" ಎಂದೆ. ಅವನು ಇಳಿದು ದೂರ ಬಂದ ಮೇಲೆ, ಬಿದಿರು ಸವರಲು ಇಟ್ಟಿದ್ದ ಕುಡುಗೋಲು ತಗೊಂಡು ಹಗ್ಗಕ್ಕೆ ಇಟ್ಟೆ. ನಾನು ಗಟ್ಟಿಗಿತ್ತಿಯಲ್ಲ, ನಿಮಗೆ ಗೊತ್ತು. ಗಟ್ಟಿಯಾಗಿ ಎಳೆಯುವುದೂ ಬೇಕಾಗಲಿಲ್ಲ. ಅಟ್ಟಣೆ ಒಂದು ಕಡೆಗೆ ವಾಲಿ, ಬಣ್ಣದ ಡಬ್ಬಿಗಳ ಸಮೇತ ನೆಲಕ್ಕೆ ಬಿತ್ತು. ನಟರೆಲ್ಲ ಓಡಿ ಬಂದರು. ಕೆಂಚವೀರಪ್ಪ ಕೂಗಾಡಿದ, ಪೊಲೀಸರನ್ನು ಕರೆಸುತ್ತೇನೆ ಎಂದ. ಕರೆಸಲಿ ಎಂದು ನಾನು ಅಲ್ಲೇ ಬಾಗಿಲಲ್ಲಿ ಕೂತೆ. ಯಾರೂ ಬರಲಿಲ್ಲ. ಸಂಜೆ ಹೊಸ ಹಗ್ಗ ಬಂತು, ದಪ್ಪನೆಯದು. ಜಮಾಲುದ್ದೀನ್ ನನ್ನ ಕಡೆ ನೋಡಿದ. ನಾನು ಎಳೆದು ನೋಡಿ, ಹತ್ತಪ್ಪ ಎಂದೆ.

ಈಗ ನಿಮ್ಮನ್ನು ಕೇಳುವುದು ಇಷ್ಟೇ. ದಾವಣಗೆರೆಗೆ ಬನ್ನಿ. ಥಿಯೇಟರಿನಲ್ಲಿ, ಕೆಂಚವೀರಪ್ಪನ ಎದುರು, ಆ ಕಂಪನಿಯ ಜನರ ಎದುರು ನಿಂತು, ಹಗ್ಗ ಕೊಳೆತಿತ್ತು, ಅದಕ್ಕೇ ಮಾಲತೇಶಪ್ಪ ಬಿದ್ದ ಎಂದು ನಿಮ್ಮ ಬಾಯಿಂದ ಹೇಳಿ. ನಿಮ್ಮ ಮಾತನ್ನು ಜನ ನಂಬುತ್ತಾರೆ, ಅದಕ್ಕೇ ನೀವೇ ಹೇಳಬೇಕು. ಹೇಳಿದ ಮೇಲೆ ಮನೆಗೆ ಬನ್ನಿ. ಅವರು ಹೋದ ದಿನದಿಂದ ನಾನು ಯಾರ ಜೊತೆಯೂ ಕೂತು ಅತ್ತಿಲ್ಲ. ಅವರನ್ನು ನನ್ನಷ್ಟು ಬಲ್ಲವರು ನೀವೊಬ್ಬರೇ.

ನಿಮ್ಮ ಮನೆಯ ದೀಪ ತಣ್ಣಗೆ ಉರಿಯುತ್ತಿರಲಿ.

ಇಂತಿ,
ನಿಮ್ಮ ಗೆಳೆಯನ ಹೆಂಡತಿ
ದ್ರಾಕ್ಷಾಯಣಮ್ಮ