ಮಡಚುವ ಕುರ್ಚಿ

ಮನೆ ಹುಡುಕಿಕೊಟ್ಟ ಅಣ್ಣನಿಗೆ ನಮಸ್ಕಾರ.

ನಿಮ್ಮ ಮಡಚುವ ಕುರ್ಚಿ ನಮ್ಮ ಮನೆಯಲ್ಲೇ ಉಳಿದಿದೆ. ಕಳೆದುಹೋಯಿತೆಂದು ಊರೆಲ್ಲ ಹುಡುಕಬೇಡಿ.

ಅಪ್ಪ ತೀರಿಕೊಂಡು, ಹಳೇ ಬಾಡಿಗೆ ಮನೆ ಬಿಡಬೇಕಾಗಿ ಬಂದಾಗ ಅಮ್ಮ ಮಾತನ್ನೇ ಬಿಟ್ಟಿದ್ದರು. ಯಾವ ಮನೆ ನೋಡಿದರೂ "ನಿಂಗೆ ಹಿಡಿಸಿದ್ರೆ ಆಯ್ತು" ಅಷ್ಟೇ. ನೀವು ಮಾತ್ರ ಪ್ರತಿ ಮನೆಯ ಕಿಟಕಿ ಹತ್ತಿರ ಕುರ್ಚಿ ಬಿಡಿಸಿ, "ಒಂದ್ನಿಮಿಷ ಕೂತ್ಕೊಳ್ಳಿ ಅಮ್ಮ" ಅನ್ನುತ್ತಿದ್ದಿರಿ. ದೊಡ್ಡ ಅಡುಗೆಮನೆಯಿದ್ದ ಆ ಮನೆಗೆ ನಾನು ಮನಸೋತಿದ್ದೆ. ಅಲ್ಲೂ ಅಮ್ಮ ಕೈಚೀಲವನ್ನು ಮಡಿಲಲ್ಲಿ ಅವುಚಿಕೊಂಡೇ ಕೂತರು. ನೀವು ಕುರ್ಚಿ ಮಡಚಿ, "ಇದು ಬೇಡ ಅಕ್ಕ" ಅಂದಿರಿ.

"ಮನೆ ಬೇಕಾಗಿರೋದು ನಮಗೋ, ನಿಮ್ಮ ಕುರ್ಚಿಗೋ?" ಅಂತ ರೇಗಿದೆ. ಕೈಗೆ ಬಂದ ವ್ಯಾಪಾರವನ್ನು ಕಾಲಲ್ಲಿ ಒದೆಯುವ ಬ್ರೋಕರನ್ನು ನಾನೆಲ್ಲೂ ಕಂಡಿರಲಿಲ್ಲ.

ಈ ಪುಟ್ಟ ಮನೆಯಲ್ಲಿ ಅಮ್ಮ ಚೀಲವನ್ನು ನೆಲಕ್ಕಿಟ್ಟು, ತಾವೇ ಕಿಟಕಿಯ ಚಿಲಕ ತೆಗೆದರು. "ಸಿಕ್ತು ಅಕ್ಕ" ಅಂದಿರಿ.

ಈಗ ಅಮ್ಮ ಅದೇ ಕುರ್ಚಿಯಲ್ಲಿ ಕೂತು ಬೀದಿಯವರನ್ನೆಲ್ಲ ಮಾತಾಡಿಸುತ್ತಾರೆ. ತರಕಾರಿಯವನು ತಪ್ಪಿಸಿಕೊಂಡು ಹೋಗುವುದೇ ಕಷ್ಟ! ಕುರ್ಚಿ ವಾಪಸ್ ಕೊಡುವುದಿಲ್ಲವಂತೆ. ನಿಮಗೆ ಹೊಸದೊಂದು ತರಿಸಿಟ್ಟಿದ್ದಾರೆ.

ಭಾನುವಾರ ಬನ್ನಿ. ಬೇರೆಯವರ ಮನೆಯ ಬೀಗದಕೈಗಳನ್ನು ಆಫೀಸಿನಲ್ಲೇ ಬಿಟ್ಟು ಬನ್ನಿ. ಹೊಸ ಕುರ್ಚಿಯನ್ನು ನಿಮಗೆ ಕಳಿಸಿಕೊಡುತ್ತೇನೆ ಅಂದಿದ್ದಕ್ಕೆ ಅಮ್ಮ ಗದರಿದರು:

"ಕಳಿಸ್ಬೇಡ, ಕರಿ. ಅಷ್ಟೊಂದು ಮನೆ ತೋರಿಸ್ದ, ಒಂದ್ರಲ್ಲೂ ಅವನು ಕೂತಿದ್ದು ನಾನು ನೋಡ್ಲಿಲ್ಲ."

ಇಂತಿ,
ನಿಮ್ಮ ಮೇಲೆ ರೇಗಿದ ಅಕ್ಕ