ಯಮುನಾಳನ್ನು ಹೊರುವ ದೃಶ್ಯ

ಆಗಸ್ಟ್ 4, ಭಾನುವಾರ

ಇವತ್ತೂ ತಡ. ನಾಗಸಂದ್ರದ ಒಂದು ಮನೆಯ ಮಹಡಿಯ ಮೇಲೆ ಬೆಳಿಗ್ಗೆ ಆರಕ್ಕೆ ನಾಟಕದ ರಿಹರ್ಸಲ್. ಮೊದಲ ಒಂದು ಗಂಟೆ ಬರೀ ಓಟ, ಬೈಠಕ್, ಉಸಿರಾಟ. ನಾನು ಏಳಕ್ಕೆ ಹೋದೆ. ಪೀಣ್ಯದ ಗೋಡೌನಿನಲ್ಲಿ ವಾರವೆಲ್ಲ ಐವತ್ತು ಕೆಜಿ ಮೂಟೆ ಹೊರುವವನಿಗೆ ಬೈಠಕ್ ಬೇರೆ ಬೇಕೇ? ನಿರ್ದೇಶಕ ವಿನಾಯಕ್ ಸರ್‌ಗೆ ಹಾಗೇ ಅಂದೆ.

"ಹೊರೋದು ಬೇರೆ, ಹೊತ್ಕೊಂಡು ಮಾತಾಡೋದು ಬೇರೆ ಕಣೋ ಬಸಲಿಂಗ" ಅಂದರು.

ನಾಟಕದಲ್ಲಿ ಯಮುನಾ ನನ್ನ ತಾಯಿ. ಅವಳನ್ನು ಹೆಗಲ ಮೇಲೆ ಹೊತ್ತು ಊರು ದಾಟಬೇಕು, ನಾಲ್ಕು ನಿಮಿಷ, ಮಾತಾಡುತ್ತ. ನನಗಿಂತ ಎರಡು ವರ್ಷ ಚಿಕ್ಕ ತಾಯಿ! ಅವಳು ನಕ್ಕರೆ ನನಗೆ ಏನೇನೋ ಆಗುತ್ತದೆ... ಅದನ್ನು ಬರೆಯುವುದಿಲ್ಲ.

ಆಗಸ್ಟ್ 11

ಎರಡನೇ ನಿಮಿಷಕ್ಕೇ ಏದುಸಿರು. ಇಳಿದ ಮೇಲೆ ಯಮುನಾ ಮೆಲ್ಲಗೆ, "ಬಸು, ಇನ್ಮೇಲೆ ಬೇಗ ಬಾರೋ. ಮೇಲೆ ಕೂತ್ರೆ ಭಯ ಆಗುತ್ತೆ" ಅಂದಳು.

"ನಾ ಅದೀನಲ್ಲ. ಬೀಳಾಕ ಬಿಡಂಗಿಲ್ಲ" ಅಂದೆ.

ಆಗಸ್ಟ್ 25, ಮಧ್ಯಾಹ್ನ

ಶನಿವಾರ ಎರಡು ಲಾರಿ ಇಳಿಸಿದ ಮೈ. ಬೈಠಕ್ ತಪ್ಪಿಸಿ ನೇರ ದೃಶ್ಯಕ್ಕೇ ನಿಂತೆ. ಮೂರನೇ ನಿಮಿಷಕ್ಕೆ ತೊಡೆ ಸೋತಿತು. ಉಸಿರು ಸಿಗಲಿಲ್ಲ. ಆಗ ಮೈ ತನಗೆ ಗೊತ್ತಿದ್ದನ್ನೇ ಮಾಡಿತು — ಭುಜ ವಾಲಿಸಿ ಜಾಡಿಸಿತು. ದಿನಕ್ಕೆ ಇನ್ನೂರು ಸಲ ಮೂಟೆ ಕೆಡವುವ ಹಾಗೆ. ಯಮುನಾಳನ್ನು. ಸಿಮೆಂಟ್ ನೆಲಕ್ಕೆ.

ಅವಳ ಬಲಗೈ ಮಣಿಕಟ್ಟು ಮುರಿದಿದೆ.

ಸೆಪ್ಟೆಂಬರ್ 8

ಅವಳ ಮನೆಗೆ ಹೋದೆ. ಎಡಗೈಯಲ್ಲಿ ಅನ್ನ ಕಲಸುತ್ತಿದ್ದಳು.

"ಸುಸ್ತಾಯ್ತು ಅಂತ ಒಂದ್ ಮಾತು ಹೇಳಿದ್ರೆ ನಾನೇ ಇಳಿದ್ಬಿಡ್ತಿದ್ದೆ ಕಣೋ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನಾಟಕಕ್ಕೆ ಯಾವಾಗ ಬರುತ್ತೀ ಎಂದು ಕೇಳಿದೆ.

"ಬರಲ್ಲ. ಕೈ ವಾಸಿಯಾದ್ರೂ ಬರಲ್ಲ. ನಿನ್ನ ಮೇಲೆ ಕೋಪ ಇಲ್ಲ ಬಸು. ನಂಬಿಕೆ ಇಲ್ಲ, ಅಷ್ಟೆ."

ಹೊರಗೆ ಬಂದೆ. ಮೆಟ್ಟಿಲ ಮೇಲೆ ಕೂತು ಅತ್ತೆ. ಯಾರೋ ನೀರಿನ ಕ್ಯಾನ್ ಹಿಡಿದು ದಾಟಿ ಹೋದರು.

ಸೆಪ್ಟೆಂಬರ್ 29

ಮೂರು ವಾರದಿಂದ ದಿನಾ ಆರಕ್ಕೆ ಮುಂಚೆಯೇ ಮಹಡಿಯಲ್ಲಿದ್ದೇನೆ. ಓಟ, ಬೈಠಕ್, ಉಸಿರು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ತಾಯಿಯ ಪಾತ್ರಕ್ಕೆ ಇವತ್ತು ಹೊಸ ಹುಡುಗಿ ಮಹಾನಂದಾ ಬಂದಳು. ನನ್ನ ಹೆಗಲಿಗೆ ಕೈಯಿಟ್ಟು, "ಏರ್ಲೇನಣ್ಣ?" ಅಂದಳು. ಕಾಲು ಗಟ್ಟಿಯಿತ್ತು. ಉಸಿರೂ ಸರಿಯಿತ್ತು. ಆದರೂ ಹಿಂದೆ ಸರಿದೆ.

ವಿನಾಯಕ್ ಸರ್ ಯಾಕೆ ಎಂದು ಕೇಳಿದರು. ಇನ್ನೊಬ್ಬಳನ್ನು ಹೊತ್ತುಬಿಟ್ಟರೆ, ಯಮುನಾ ಇನ್ನು ಬರುವುದೇ ಇಲ್ಲ ಎಂದು ನಾನೇ ಒಪ್ಪಿಕೊಂಡ ಹಾಗೆ.